ಕುದುರೆಗೆ ಬೆಂದ ಹುರುಳಿ ಸೈ, ಬೂಷ್ಟು ಹಿಂಡಿ ಬೇಡ

ನಮ್ಮ ಜಗಳೂರು ಸೀಮೇಲಿ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುತ್ತೇವಲ್ಲ, ಆ ಕುರಿಗಾರರ ಸಂಗಡ ಸಾಮಾನು ಹೊರುವ ಕುದುರೆಯೂ ಬರುತ್ತೆ. ಅದಕ್ಕೆ ನಾವು ಕಾಳು, ಹಿಂಡಿ ಕೊಡೋದುಂಟು. ಕೊಡುವ ಮೊದಲು ಇಷ್ಟು ತಿಳಿದಿರಲಿ.

ಹುರುಳಿಯನ್ನು ನೆನೆಹಾಕಿ, ಬೇಯಿಸಿಯೇ ಕೊಡಿ. ಹಸಿ ಕಾಳಿನಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶವಿದೆ. ಕುದಿಸಿದರೆ ಅದರ ಜೋರು ಇಳಿಯುತ್ತೆ.

ಶೇಂಗಾ ಹಿಂಡಿಯ ಕಥೆ ಬೇರೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ವಿಷ ಹುಟ್ಟಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಹಿಂಡಿ ತಿಂದು ಲಕ್ಷ ಟರ್ಕಿ ಕೋಳಿ ಸತ್ತವು. ಕುದಿಸಿದರೂ ಈ ವಿಷ ಹೋಗಲ್ಲ. ತಿಂದದ್ದನ್ನು ಕಕ್ಕಲು ಕುದುರೆಗೆ ಬರಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಮೆಕ್ಕೆಜೋಳ ಬೆಳೆಗಾರರೇ, ಬೂಷ್ಟು ಜೋಳ ಕುದುರೆಯ ಮೆದುಳನ್ನೇ ಕೆಡಿಸೀತು. ಫಸಲು ಚೆನ್ನಾಗಿ ಒಣಗಿಸಿ. ಮುಗ್ಗಲು ವಾಸನೆ ಬಂದ ಹಿಂಡಿಯನ್ನು ಗುಂಡಿಗೆ ಹಾಕಿ ಮುಚ್ಚಿ. ಕಾಸು ಹೋದರೆ ಹೋಗಲಿ.