ಉಮ್ಮ ಕೇಳಿದ ಬಕ್ಲಾವಾ

"ಮೋನೇ, ಇದು ಅದಲ್ಲ" ಎಂದರು ಉಮ್ಮ. ಹಿಂದೆ ಗಲ್ಫ್‌ನಿಂದ ಭಾವ ತಂದಿದ್ದ ಟರ್ಕಿ ಬಕ್ಲಾವಾದ ರುಚಿ ಅವರ ನಾಲಗೆಯಲ್ಲೇ ಉಳಿದಿತ್ತು. ವ್ಯಾಪಾರಕ್ಕೆಂದು ಸಿಂಧನೂರಿಗೆ ಬಂದು ನೆಲೆಸಿದವರು ನಾವು. ಮಸ್ಕಿ, ಲಿಂಗಸುಗೂರಿನಲ್ಲೂ ವಿಚಾರಿಸಿ, ಸಿಗದೆ, ಪೆರ್ನಾಳಿಗೆ ಬೆಂಗಳೂರಿನಿಂದ ಒಂದು ಡಬ್ಬಿ ತಂದಿದ್ದೆ. ಮೇಲೆ ಹಸಿರು ಪುಡಿ, ಒಳಗೆ ಬರೀ ಶೇಂಗಾ!

ಬಕ್ಲಾವಾ ಎಂದರೆ ಕಾಗದದಷ್ಟು ತೆಳುವಾದ ಹಿಟ್ಟಿನ ಹಾಳೆಗಳ ಪದರ. ನಡುವೆ ಪಿಸ್ತಾ ಅಥವಾ ಆಕ್ರೋಟು, ಬೆಣ್ಣೆ, ಮೇಲೆ ಸಕ್ಕರೆ ಪಾಕ. ಟರ್ಕಿಯ ಗಾಝಿಯಾಂತೆಪ್ ನಗರದ ಪಿಸ್ತಾ ಬಕ್ಲಾವಾಕ್ಕೆ 2013ರಲ್ಲಿ ಯುರೋಪಿಯನ್ ಒಕ್ಕೂಟ ಆ ಊರಿನ ಹೆಸರಿನ ರಕ್ಷಣೆಯನ್ನೇ ಕೊಟ್ಟಿದೆ. ಪಿಸ್ತಾ ದುಬಾರಿ, ಅಗ್ಗಕ್ಕೆ ಸಿಕ್ಕರೆ ಒಂದು ತುಂಡು ಮುರಿದು ನೋಡಿ. ಮೇಲ್ಪದರ ಕರಕರ ಅನ್ನಬೇಕು, ಡಾಲ್ಡಾ ವಾಸನೆ ಬರಬಾರದು.

ಊರಿಗೆ ತರುವವರು ಡಬ್ಬಿಯನ್ನು ಅಡ್ಡ ಮಲಗಿಸಬೇಡಿ, ಫ್ರಿಜ್ಜಿನಲ್ಲೂ ಇಡಬೇಡಿ, ಪದರ ಮೆತ್ತಗಾಗುತ್ತದೆ. ಪಾಕ ಇರುವುದರಿಂದ ಕೆಲವು ದಿನ ಹೊರಗೇ ಉಳಿಯುತ್ತದೆ. ಆದರೆ ಮಾಂಸ, ಚೀಸ್ ತುಂಬಿದ ಬೋರೆಕ್ ರಾತ್ರಿ ಬಸ್ಸಿಗಲ್ಲ. ಅಲ್ಲೇ ಬಿಸಿಬಿಸಿ ತಿಂದುಬಿಡಿ.

ಮರುಸಲ ನಾನು ರುಚಿ ನೋಡಿಯೇ ಕೊಂಡೆ. ಕಾಲು ಕಿಲೋ ಮಾತ್ರ. ಉಮ್ಮ ಈ ಸಲ ಏನೂ ಅನ್ನಲಿಲ್ಲ. ಇನ್ನೊಂದು ತುಂಡಿಗೆ ಕೈ ಚಾಚಿದರು.