ಪುಟ್ಟ ಜೀವಿಗಳು ಸಾರುವ ಪಾಸ್ಖ ಸಂದೇಶ



ನಲವತ್ತು ದಿನಗಳ ತಪಸ್ಸುಕಾಲವನ್ನು ದಾಟಿ ನಾವು ಪ್ರಭುವಿನ ಪುನರುತ್ಥಾನದ ಹಬ್ಬದ ಹೊಸ್ತಿಲಿಗೆ ಬಂದಿದ್ದೇವೆ. ಹಬ್ಬವೆಂದರೆ ನಮ್ಮ ಕಣ್ಣಿಗೆ ಬೀಳುವುದು ದೊಡ್ಡ ಸಂಗತಿಗಳೇ: ಅಲಂಕೃತ ಬಲಿಪೀಠ, ಗಾನವೃಂದ, ತುಂಬಿದ ದೇವಾಲಯ. ಆದರೆ ದೇವರು ನಮಗೆ ಪಾಠ ಹೇಳಲು ಎಷ್ಟೋ ಬಾರಿ ಚಿಕ್ಕವರನ್ನೇ ನೇಮಿಸುತ್ತಾರೆ. ಜ್ಞಾನೋಕ್ತಿಗಳು ಗ್ರಂಥದ 30ನೇ ಅಧ್ಯಾಯವು ನಾಲ್ಕು ಸಣ್ಣ ಜೀವಿಗಳನ್ನು ಹೆಸರಿಸಿ ಅವುಗಳ ಜಾಣ್ಮೆಯನ್ನು ಮೆಚ್ಚುತ್ತದೆ. ಆ ಪಟ್ಟಿಯಿಂದ ಒಂದನ್ನು, ನಮ್ಮ ಹೊಲಮನೆಗಳ ಸುತ್ತಲಿನಿಂದ ಇನ್ನು ಮೂರನ್ನು ಆರಿಸಿಕೊಂಡು ಈ ಹಬ್ಬದಲ್ಲಿ ಧ್ಯಾನಿಸೋಣ.

1. ಇರುವೆ: ಹಂಚಿಕೊಳ್ಳುವ ಪಾಠ

ಸೋಮಾರಿಯಾದವನು ಇರುವೆಯ ಬಳಿಗೆ ಹೋಗಿ ಕಲಿಯಬೇಕೆಂದು ಅದೇ ಗ್ರಂಥದ 6ನೇ ಅಧ್ಯಾಯ ಬುದ್ಧಿ ಹೇಳುತ್ತದೆ. ಇರುವೆಯ ದುಡಿಮೆ ನಮಗೆಲ್ಲ ಗೊತ್ತು. ನಾವು ಅಷ್ಟಾಗಿ ಗಮನಿಸದ ಮತ್ತೊಂದು ಗುಣವಿದೆ. ಅನೇಕ ಜಾತಿಯ ಇರುವೆಗಳಲ್ಲಿ ಹೊಟ್ಟೆಯೊಳಗೆ ಒಂದು ಹೆಚ್ಚಿನ ಚೀಲವಿರುತ್ತದೆ. ಅದರಲ್ಲಿ ತುಂಬಿಕೊಂಡ ಆಹಾರವನ್ನು ಇರುವೆ ದಾರಿಯಲ್ಲಿ ಎದುರಾದ ತನ್ನ ಗೂಡಿನ ಹಸಿದ ಇರುವೆಗೆ ಬಾಯಿಂದ ಬಾಯಿಗೆ ಕೊಡುತ್ತದೆ. ಕೂಡಿಡುವುದು ಹಂಚುವುದಕ್ಕಾಗಿ! ತಪಸ್ಸುಕಾಲದಲ್ಲಿ ನಾವು ಉಳಿಸಿದ ಹಣ, ಆಹಾರ, ಸಮಯ ನಮ್ಮಲ್ಲೇ ಉಳಿದುಬಿಟ್ಟರೆ ನಮ್ಮ ಉಪವಾಸ ಬರೀ ಮಿತವ್ಯಯವಾಗುತ್ತದೆ, ಪ್ರೀತಿಯಾಗುವುದಿಲ್ಲ.

2. ರೇಷ್ಮೆಹುಳು: ಸಾಯುವ ಪಾಠ

ಆವಿಲಾದ ಸಂತ ತೆರೇಸಾ 1577ರಲ್ಲಿ ಬರೆದ 'ಅಂತರಂಗದ ಕೋಟೆ' ಎಂಬ ಗ್ರಂಥದಲ್ಲಿ ಆತ್ಮವನ್ನು ರೇಷ್ಮೆಹುಳುವಿಗೆ ಹೋಲಿಸುತ್ತಾರೆ. ಹುಳು ಗೂಡು ಕಟ್ಟಿ ಅದರೊಳಗೆ ಸತ್ತಂತಾಗಿ, ರೆಕ್ಕೆಯುಳ್ಳ ಜೀವಿಯಾಗಿ ಹೊರಬರುತ್ತದೆ. ಹಾಗೆಯೇ ಆತ್ಮವೂ ತನ್ನ ಸ್ವಾರ್ಥಕ್ಕೆ ಸತ್ತು ಕ್ರಿಸ್ತನಲ್ಲಿ ಹೊಸದಾಗುತ್ತದೆ. ಇದನ್ನು ತಾನು ಕಂಡಿಲ್ಲ, ಕೇಳಿದ್ದೇನೆ ಅಷ್ಟೇ ಎಂದು ಆ ಸಂತರೇ ಹೇಳಿಕೊಂಡಿದ್ದಾರೆ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ನಮ್ಮ ಜನರಿಗಾದರೋ ಇದು ದಿನನಿತ್ಯದ ನೋಟ.

ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತದೆ. ನಮ್ಮ ರೈತರು ಇದನ್ನು 'ಜ್ವರ' ಎನ್ನುತ್ತಾರೆ. ಆಗ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿ ಅಲುಗಾಡದೆ ನಿಲ್ಲುತ್ತದೆ. ಪ್ರತಿ ಉಪವಾಸದ ನಂತರವೂ ಅದು ಮತ್ತಷ್ಟು ದೊಡ್ಡದಾಗುತ್ತದೆ. ನಮ್ಮ ಬಾಳಿಗೂ ಇಂತಹ ಜ್ವರಗಳು ಬರುತ್ತವೆ: ಕಾಯಿಲೆ, ಸಾಲ, ಮನೆಯಲ್ಲೊಂದು ಸಾವು. ಎಲ್ಲವೂ ನಿಂತುಹೋಯಿತೆಂದು ನಾವು ಅಂದುಕೊಂಡಾಗಲೇ ಒಳಗೊಳಗೆ ಹಳೆಯ ಪೊರೆ ಬಿಡುತ್ತಿರಬಹುದು.

ಕೊನೆಗೆ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುತ್ತಾರೆ. ಅದು ಎರಡು ಮೂರು ದಿನಗಳಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆಯಿಂದ ತನ್ನನ್ನು ಸುತ್ತಿಕೊಳ್ಳುತ್ತದೆ. ಒಂದು ಕಟುಸತ್ಯವನ್ನೂ ನಾವಿಲ್ಲಿ ಮರೆಯಬಾರದು. ನೂಲಿಗಾಗಿ ಸಾಕಿದ ಹುಳುಗಳಲ್ಲಿ ಹೆಚ್ಚಿನವು ಚಿಟ್ಟೆಯಾಗುವುದೇ ಇಲ್ಲ. ಎಳೆ ತುಂಡಾಗಬಾರದೆಂದು ಗೂಡಿನೊಳಗೇ ಅವುಗಳ ಪ್ರಾಣ ಹೋಗುತ್ತದೆ. ಪ್ರಾಣ ಕೊಟ್ಟ ಆ ಹುಳುವಿನ ನೂಲೇ ಮದುವಣಗಿತ್ತಿಯ ಸೀರೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಪ್ರಾರ್ಥಿಸಿದ 22ನೇ ಕೀರ್ತನೆಯಲ್ಲಿ ನೊಂದವನು ತನ್ನನ್ನು ಹುಳುವೆಂದೇ ಕರೆದುಕೊಳ್ಳುತ್ತಾನೆ. ಆ ಮಟ್ಟಕ್ಕೆ ಇಳಿದುಬಂದ ಪ್ರಭುವಿನ ಮರಣದಿಂದಲೇ ನಮಗೆ ಜ್ಞಾನಸ್ನಾನದ ಬಿಳಿಯ ಉಡುಪು ದೊರೆಯಿತಲ್ಲವೇ?

3. ಜೇನುನೊಣ: ಬೆಳಕಾಗುವ ಪಾಠ

ಪಾಸ್ಖ ಜಾಗರಣೆಯ ರಾತ್ರಿ ಕತ್ತಲಾದ ದೇವಾಲಯದೊಳಗೆ ಪಾಸ್ಖ ದೀಪವನ್ನು ತಂದಾಗ ಹಾಡುವ 'ಎಕ್ಸುಲ್ತೆತ್' ಎಂಬ ಪುರಾತನ ಸ್ತುತಿಗೀತೆಯಲ್ಲಿ ಧರ್ಮಸಭೆಯು ಜೇನುನೊಣವನ್ನು ನೆನೆಯುತ್ತದೆ. ಆ ಮಹಾರಾತ್ರಿಯಲ್ಲಿ ರಾಜರ ಹೆಸರಿಲ್ಲ, ಶ್ರೀಮಂತರ ಹೆಸರಿಲ್ಲ. ಮೇಣವನ್ನು ಮಾಡಿಕೊಟ್ಟ ಒಂದು ನೊಣಕ್ಕೆ ಸ್ಥಾನವಿದೆ!

ಮೇಣವನ್ನು ಜೇನುನೊಣ ಎಲ್ಲಿಂದಲೋ ತರುವುದಿಲ್ಲ. ಎಳೆಯ ಪ್ರಾಯದ ಕೆಲಸಗಾರ ನೊಣದ ಹೊಟ್ಟೆಯ ಕೆಳಗಿನ ಗ್ರಂಥಿಗಳಿಂದ ಅದು ತೆಳುವಾದ ಚೂರುಗಳಾಗಿ ಒಸರುತ್ತದೆ. ಒಂದು ಕಿಲೋ ಮೇಣವಾಗಬೇಕಾದರೆ ನೊಣಗಳು ಅದರ ಹಲವು ಪಟ್ಟು ಜೇನನ್ನು ಉಣ್ಣಬೇಕು. ದುಡಿಮೆಯ ಕಾಲದಲ್ಲಿ ಒಂದು ನೊಣದ ಆಯುಸ್ಸು ಸುಮಾರು ಆರು ವಾರಗಳು ಮಾತ್ರ. ತಾನು ಕೊಟ್ಟ ಮೇಣ ದೀಪವಾಗಿ ಉರಿಯುವುದನ್ನು ಯಾವ ನೊಣವೂ ನೋಡುವುದಿಲ್ಲ. ನಮಗೆ ಶಿಲುಬೆಯ ಗುರುತು ಹಾಕಲು ಕಲಿಸಿದ ಅಜ್ಜಿ, ಹಳ್ಳಿಯಿಂದ ಹಳ್ಳಿಗೆ ನಡೆದ ಉಪದೇಶಿ, ಪ್ರತಿ ಶನಿವಾರ ದೇವಾಲಯ ಗುಡಿಸಿದ ತಾಯಿ, ಇವರೆಲ್ಲ ತಮ್ಮ ಮೇಣವನ್ನು ಕೊಟ್ಟು ಹೋದವರು. ನಮ್ಮ ಕೈಯಲ್ಲಿ ಉರಿಯುತ್ತಿರುವುದು ಅವರ ಬೆಳಕು.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಕೊಡಗು, ದಕ್ಷಿಣ ಕನ್ನಡದ ಎಷ್ಟೋ ಪೆಟ್ಟಿಗೆಗಳು ಬರಿದಾದವು. ಆದರೂ ಅಲ್ಲಲ್ಲಿ ಬದುಕುಳಿದ ಕೆಲವೇ ಕುಟುಂಬಗಳಿಂದ ಜೇನು ನಿಧಾನವಾಗಿ ಮತ್ತೆ ಹಬ್ಬಿತು. ಬರಿದಾದ ಪೆಟ್ಟಿಗೆಯ ಮುಂದೆ ನಿಂತು ಅಳುವವರಿಗೆ ಬರಿದಾದ ಸಮಾಧಿಯ ಹಬ್ಬ ಭರವಸೆ ನೀಡುತ್ತದೆ.

4. ಗುಬ್ಬಿ: ಲೆಕ್ಕಕ್ಕೆ ಸೇರುವ ಪಾಠ

ಯೇಸುವಿನ ಕಾಲದಲ್ಲಿ ಗುಬ್ಬಿ ಬಡವರ ಆಹಾರ. ಮತ್ತಾಯನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿಗಳು. ಲೂಕನ 12ನೇ ಅಧ್ಯಾಯದಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿ ನೋಡೋಣ: ಐದನೆಯದು ಪುಕ್ಕಟೆ, ಕೊಸರು! ಅದಕ್ಕೆ ಬೆಲೆಯೇ ಇಲ್ಲ. ಆದರೆ ಆ ಐದನೆಯ ಗುಬ್ಬಿಯನ್ನೂ ದೇವರು ಮರೆಯುವುದಿಲ್ಲವೆಂದು ಪ್ರಭು ಹೇಳುತ್ತಾರೆ. ವಯಸ್ಸಾಗಿ ಮೂಲೆ ಸೇರಿದವರು, ಕೆಲಸ ಕಳೆದುಕೊಂಡವರು, ಮನೆಯವರಿಗೇ ಬೇಡವಾದವರು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಲೋಕದ ಲೆಕ್ಕದಲ್ಲಿ ಅವರು ಕೊಸರು; ದೇವರ ಲೆಕ್ಕದಲ್ಲಿ ಮಕ್ಕಳು.

ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಹುಳುಗಳು, ಸಣ್ಣ ಕೀಟಗಳು ಸಹ ಸೃಷ್ಟಿಯ ಸಮತೋಲನಕ್ಕೆ ಅಗತ್ಯವೆಂದು ನೆನಪಿಸಿದ್ದರು. ಆದುದರಿಂದ ಪ್ರಿಯರೇ, ಈ ಹಬ್ಬದಲ್ಲಿ ಎರಡು ನಿರ್ಧಾರಗಳನ್ನು ಮಾಡೋಣ. ನಮ್ಮ ತೋಟ, ಅಂಗಳಗಳ ಪುಟ್ಟ ಜೀವಿಗಳನ್ನು ವಿಷದಿಂದ ವಿನಾಕಾರಣ ಕೊಲ್ಲದಿರೋಣ. ಹಬ್ಬದ ಊಟಕ್ಕೆ ಕೂರುವ ಮುನ್ನ ನಮ್ಮ ಬೀದಿಯ 'ಐದನೆಯ ಗುಬ್ಬಿ' ಯಾರೆಂದು ಹುಡುಕಿ, ಅವರ ಬಾಗಿಲು ತಟ್ಟೋಣ. ಪುನರುತ್ಥಾನರಾದ ಪ್ರಭುವಿನ ಬೆಳಕು ಆ ಮನೆಗೂ ನಮ್ಮ ಕೈಯಿಂದಲೇ ತಲುಪಲಿ. ಎಲ್ಲರಿಗೂ ಪಾಸ್ಖ ಹಬ್ಬದ ಶುಭಾಶಯಗಳು.