ಸ್ವಯಂಸೇವಾ ಉದ್ಯಮ ಮಾರ್ಗದರ್ಶಕರು: ಪಾತ್ರ ಮತ್ತು ಮಿತಿ

ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳ ಸಂಜೀವಿನಿ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಯಾರಿಸುವುದನ್ನು ಕಲಿಸಬೇಕಾಗಿಲ್ಲ. ನೆರವು ಬೇಕಿರುವುದು ಲೆಕ್ಕದಲ್ಲಿ. ಉದಾಹರಣೆಗೆ, ಒಂದು ರೊಟ್ಟಿಗೆ ಸಾಮಗ್ರಿ ₹4, ಸ್ವಂತ ದುಡಿಮೆಯ ಕೂಲಿ ₹3, ಸಾಗಾಣಿಕೆ ಮತ್ತು ಮುರುಕು ₹1 ಎಂದು ಭಾವಿಸಿದಲ್ಲಿ, ₹7ರಂತೆ ಮಾರಿದ 500 ರೊಟ್ಟಿಗಳಿಂದ ₹500 ನಷ್ಟವಾಗುತ್ತದೆ. ಕೂಲಿಯನ್ನು ಲೆಕ್ಕಕ್ಕೆ ಹಿಡಿಯದವರಿಗೆ ಇದು ಲಾಭವೆಂದೇ ತೋರುತ್ತದೆ. ಸಾಲದ ಕಂತು ಬಂದಾಗ ನಿಜಸ್ಥಿತಿ ತಿಳಿಯುತ್ತದೆ. ಜೊತೆಗೆ ಕುಳಿತು ಈ ಲೆಕ್ಕ ಮಾಡಿಸುವವರೇ ಮಾರ್ಗದರ್ಶಕರು.

ನಿವೃತ್ತ ಬ್ಯಾಂಕ್ ನೌಕರರು, ಅನುಭವಿ ವರ್ತಕರು, ಗಜೇಂದ್ರಗಡದ ಹಿರಿಯ ಕೈಮಗ್ಗ ನೇಕಾರರು ಈ ಸೇವೆಗೆ ಸೂಕ್ತರು. ಅವರ ಕಾರ್ಯಗಳು:

1. ತಿಂಗಳಿಗೊಮ್ಮೆ ಘಟಕಕ್ಕೆ ಭೇಟಿ ನೀಡಿ, ಜಮಾ-ಖರ್ಚು ಪುಸ್ತಕವನ್ನು ಉದ್ಯಮಿಯೊಂದಿಗೆ ಪರಿಶೀಲಿಸುವುದು.

2. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲವೆಂದು ತಿಳಿಸಿ, ಮಧ್ಯವರ್ತಿಗಳಿಗೆ ಹಣ ತೆರುವುದನ್ನು ತಪ್ಪಿಸುವುದು.

3. ಆಹಾರ ಪದಾರ್ಥಗಳ ಮಾರಾಟಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲು ನೆರವಾಗುವುದು.

ಮಾರ್ಗದರ್ಶಕರು ಸಾಲ ನೀಡುವುದಾಗಲಿ, ಜಾಮೀನು ನಿಲ್ಲುವುದಾಗಲಿ, ಲಾಭದಲ್ಲಿ ಪಾಲು ಕೇಳುವುದಾಗಲಿ ಸಲ್ಲದು. ಸಲಹೆ ಅವರದು, ಅಂತಿಮ ನಿರ್ಧಾರ ಉದ್ಯಮಿಯದೇ.

ಆದುದರಿಂದ ಸದಸ್ಯರು ತಮ್ಮ ಗ್ರಾಮದ ಇಂತಹ ಅನುಭವಿಗಳನ್ನು ಗುರುತಿಸಿ, ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟಕ್ಕೆ ಪರಿಚಯಿಸುವುದು ಅಪೇಕ್ಷಣೀಯ. ಮೊದಲ ಭೇಟಿಯು ಸಾಲದ ಅರ್ಜಿ ಸಲ್ಲಿಸುವ ಮುನ್ನವೇ ನಡೆದಲ್ಲಿ ಹೆಚ್ಚು ಪ್ರಯೋಜನವಾಗುತ್ತದೆ.